ಮೊಬೈಲ್ ಹೋಮ್‌ನಲ್ಲಿ ವಾಸವೇ? ಚಂಡಮಾರುತಕ್ಕೆ ಮುಂಚೆ ಮನೆ ಬಿಟ್ಟು ಹೊರಡುವುದು ಹೇಗೆ: ಫ್ಲೋರಿಡಾದವರಿಗೆ ಸಮಗ್ರ ಮಾರ್ಗದರ್ಶಿ

1992ರ ಆಗಸ್ಟ್ 24ರ ಬೆಳಗಿನ ಜಾವ ಆಂಡ್ರ್ಯೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕಿರುವ ಹೋಮ್‌ಸ್ಟೆಡ್ ಊರಿನ ಮೇಲೆ ಹಾದುಹೋಯಿತು. ಊರಿನಲ್ಲಿದ್ದ 1,176 ಮೊಬೈಲ್ ಹೋಮ್‌ಗಳಲ್ಲಿ (ಕಾರ್ಖಾನೆಯಲ್ಲಿ ತಯಾರಿಸಿ ತಂದು ನಿಲ್ಲಿಸುವ ಹಗುರ ಮನೆಗಳು) 1,167 ಪೂರ್ತಿ ನಾಶವಾದವು. ಉಳಿದವು ಒಂಬತ್ತು.

ಈ ಲೆಕ್ಕವನ್ನು ಮೊದಲಿಗೇ ಇಟ್ಟಿದ್ದಕ್ಕೆ ಕಾರಣವಿದೆ. ಜೂನ್ 1ರಿಂದ ನವೆಂಬರ್ 30ರವರೆಗೆ, ಸಮುದ್ರದಲ್ಲಿ ಒಂದೊಂದು ಚಂಡಮಾರುತ ಎದ್ದಾಗಲೂ ಮೊಬೈಲ್ ಹೋಮ್ ಪಾರ್ಕುಗಳಲ್ಲಿ (ಇಂಥ ಮನೆಗಳ ಬಡಾವಣೆಗಳಲ್ಲಿ) ಅದೇ ಮಾತು ಶುರುವಾಗುತ್ತದೆ: “ಈ ಸಲದ್ದು ಕ್ಯಾಟಗರಿ ಒಂದು ಮಾತ್ರ ಅಂತೆ, ಇದ್ದುಬಿಡೋಣವಾ?” ಬೇಡ. ಕ್ಯಾಟಗರಿ ಎಂದರೆ ಗಾಳಿಯ ವೇಗ ನೋಡಿ ಚಂಡಮಾರುತಕ್ಕೆ ಕೊಡುವ ದರ್ಜೆ, ಒಂದು ಎಂದರೆ ಎಲ್ಲಕ್ಕಿಂತ ಕೆಳಗಿನದು. ಆದರೆ ಮೊಬೈಲ್ ಹೋಮ್‌ನಲ್ಲಿ ಕೂತು ಎದುರಿಸಬಹುದಾದ ಚಂಡಮಾರುತದ ಕ್ಯಾಟಗರಿ ಎಂಬುದೇ ಇಲ್ಲ. ಇರುವುದಾ ಬಿಡುವುದಾ ಎಂದು ಪ್ರತಿ ಸಲ ಮನೆಯಲ್ಲಿ ಚರ್ಚೆ ಮಾಡಬೇಡಿ. ತೀರ್ಮಾನ ಇವತ್ತೇ ಆಗಿಹೋಗಲಿ. ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು ಎಂಬ ಎರಡು ಪ್ರಶ್ನೆಗಳಿಗಷ್ಟೇ ತಲೆ ಖರ್ಚು ಮಾಡಿ.

ಕಡಿಮೆ ಖರ್ಚಿಗೆಂದು ಮೊಬೈಲ್ ಹೋಮ್ ಕೊಂಡವರು, ಬಾಡಿಗೆಗಿರುವವರು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಅಲ್ಲೇ ಇರಿಸಿಕೊಂಡವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮಕ್ಕಳು ಫ್ಲೋರಿಡಾದಲ್ಲಿದ್ದು ತಾವು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಟಿವಿ ನೋಡಿ ಚಡಪಡಿಸುವವರಿಗೂ ಇಲ್ಲಿ ಒಂದೆರಡು ಮಾತುಗಳಿವೆ.

ಹಂತ 1: ನಿಮ್ಮ ಮನೆ ಯಾವ ವರ್ಷದ್ದು ಎಂದು ತಿಳಿದುಕೊಳ್ಳಿ

ಇದು ಮೇ ತಿಂಗಳ ಕೆಲಸ. ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿ, ಬೆಡ್‌ರೂಮಿನ ಬಟ್ಟೆ ಕಪಾಟು ಅಥವಾ ವಿದ್ಯುತ್ ಪ್ಯಾನೆಲ್ ಹತ್ತಿರ ಕಾಗದದ ಒಂದು ಫಲಕ ಅಂಟಿಸಿರುತ್ತಾರೆ. ಅದಕ್ಕೆ ಡೇಟಾ ಪ್ಲೇಟ್ ಎನ್ನುತ್ತಾರೆ. ಮನೆ ತಯಾರಾದ ವರ್ಷ ಮತ್ತು ಅದು ಯಾವ ವಿಂಡ್ ಝೋನ್‌ಗೆ (ಎಷ್ಟು ಗಾಳಿ ತಡೆಯುವಂತೆ ಕಟ್ಟಿದ್ದು ಎಂಬ ದರ್ಜೆಗೆ) ಸೇರಿದ್ದು ಎಂಬುದು ಅದರಲ್ಲಿರುತ್ತದೆ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ವಿಮೆಯವರಿಗೂ ಬೇಕಾಗುತ್ತದೆ.

ವರ್ಷ ನೋಡುವುದು ಏಕೆಂದರೆ, ಅಮೆರಿಕದ ಕೇಂದ್ರ ಸರ್ಕಾರ ಕಾರ್ಖಾನೆಯಲ್ಲಿ ತಯಾರಾಗುವ ಮನೆಗಳಿಗೆ ನಿಯಮ ಜಾರಿ ಮಾಡಿದ್ದು 1976ರ ಜೂನ್ 15ರಿಂದ. ಅದಕ್ಕಿಂತ ಹಳೆಯ ಮನೆಗಳಿಗೆ ಗಾಳಿಯ ಬಗ್ಗೆ ದೇಶಕ್ಕೆಲ್ಲ ಒಂದೇ ಎನ್ನುವಂಥ ಕಟ್ಟಳೆ ಇರಲಿಲ್ಲ. ಆಂಡ್ರ್ಯೂ ನಂತರ, 1994ರಲ್ಲಿ, ನಿಯಮ ಬಿಗಿಯಾಯಿತು. 2004ರಲ್ಲಿ ಚಾರ್ಲಿ ಚಂಡಮಾರುತ ಪುಂಟಾ ಗೋರ್ಡಾ ಬಳಿ ದಡ ಹತ್ತಿದಾಗ 1994ರ ಈಚಿನ ಮನೆಗಳು ಹಳೆಯವಕ್ಕಿಂತ ಎಷ್ಟೋ ಚೆನ್ನಾಗಿ ನಿಂತವು. ಆದರೆ ಆಮೇಲೆ ಸೇರಿಸಿದ ಕಾರ್‌ಪೋರ್ಟ್ (ಕಾರು ನಿಲ್ಲಿಸುವ ಚಪ್ಪರ), ಸ್ಕ್ರೀನ್ ರೂಮ್‌ಗಳ (ಜಾಲರಿ ಹಾಕಿದ ವರಾಂಡ) ಕಥೆ ಬೇರೆ. ಗಾಳಿ ಅವುಗಳ ಅಡಿಗೆ ನುಗ್ಗಿತು, ಅವು ತಿರುಗಿದ ಕೊಡೆಯ ಹಾಗೆ ಮೇಲೆದ್ದು ಮನೆಯ ಚಾವಣಿಯ ತಗಡನ್ನೂ ಜೊತೆಗೇ ಕಿತ್ತುಕೊಂಡು ಹೋದವು. ಚಾವಣಿ ತೆರೆದುಕೊಂಡರೆ ಒಳಗಿನದ್ದೆಲ್ಲ ಮಳೆಯ ಪಾಲು.

ಆದ್ದರಿಂದ “ನಮ್ಮದು ಹೊಸ ಮನೆ, ವಿಂಡ್ ಝೋನ್ ಮೂರು” ಎಂದು ಒಳಗೆ ಉಳಿಯಬೇಡಿ. ಹಿಂತಿರುಗಿ ಬಂದಾಗ ಮನೆ ಉಳಿದಿರುವ ಸಂಭವ ಹೆಚ್ಚು ಎಂದಷ್ಟೇ ಅದರ ಅರ್ಥ. ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಗುರವಾದ, ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂತ, ಪಟ್ಟಿಗಳಿಂದ ನೆಲಕ್ಕೆ ಬಿಗಿದ ಮನೆಯ ಅಡಿಗೂ ಆ ಗಾಳಿ ಹೋಗುತ್ತದೆ.

ಆ ಪಟ್ಟಿಗಳನ್ನೂ ಮೇ ತಿಂಗಳಲ್ಲೇ ನೋಡಿಸಿ. ಮನೆಯ ಸುತ್ತಲಿನ ಸ್ಕರ್ಟಿಂಗ್ (ಅಡಿಯ ಖಾಲಿ ಜಾಗ ಮರೆಮಾಡುವ ಹಲಗೆ) ಬಿಚ್ಚಿ ಟಾರ್ಚ್ ಹಾಕಿದರೆ ಪಟ್ಟಿ ಸಡಿಲವಾಗಿದೆಯೇ, ನೆಲಕ್ಕೆ ಹೂತ ಆಂಕರ್ ತುಕ್ಕು ಹಿಡಿದಿದೆಯೇ, ಬ್ಲಾಕು ವಾಲಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಬಿಗಿಯುವ ಕೆಲಸ ಮಾತ್ರ ಪರವಾನಗಿ ಇರುವವರದ್ದು, ಮನೆಯಡಿಗೆ ನೀವೇ ನುಸುಳಬೇಡಿ. ರಾಜ್ಯದ ಹಣದಿಂದ ನಡೆಯುವ ಮೊಬೈಲ್ ಹೋಮ್ ಟೈ-ಡೌನ್ ಯೋಜನೆ ಒಂದಿದೆ. ನಿಮ್ಮ ಪಾರ್ಕು ಅದರ ಪಟ್ಟಿಯಲ್ಲಿದೆಯೇ ಎಂದು ಮ್ಯಾನೇಜರನ್ನು ಕೇಳಿ. ಪಟ್ಟಿಯಲ್ಲಿ ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಕೇಳಿ.

ಚಕ್ರದ ಮೇಲಿರುವ ಟ್ರಾವೆಲ್ ಟ್ರೇಲರ್ ಅಥವಾ ಆರ್‌ವಿಯಲ್ಲಿ ಇರುವವರು ಗಾಡಿ ಸಮೇತ ಹೊರಡಬಹುದು. ಆದರೆ ಅಗಲವಾದ ಆ ಗಾಡಿ ಗಾಳಿಗೆ ಪಕ್ಕಕ್ಕೆ ಮಗುಚುತ್ತದೆ, ಹಾಗಾಗಿ ಉಳಿದವರಿಗಿಂತ ಒಂದು ದಿನ ಮೊದಲೇ ಹೊರಡಿ.

ಹಂತ 2: ವಲಯದ ಗೊಂದಲ ಬಿಡಿಸಿಕೊಳ್ಳಿ

ಮೂರು ಬೇರೆ ಬೇರೆ ‘ಝೋನ್’ಗಳು ತಲೆ ಕೆಡಿಸುತ್ತವೆ. ಡೇಟಾ ಪ್ಲೇಟಿನ ಮೇಲಿರುವ ವಿಂಡ್ ಝೋನ್ ಮನೆಯ ಗಟ್ಟಿತನಕ್ಕೆ ಸಂಬಂಧಿಸಿದ್ದು. ವಿಮೆಯವರು ಹೇಳುವ ಫ್ಲಡ್ ಝೋನ್ ನೆರೆಯ ಅಪಾಯಕ್ಕೆ ಸಂಬಂಧಿಸಿದ್ದು. ತೆರವು ಆದೇಶ ಬಂದಾಗ ನೋಡಬೇಕಾದ್ದು ಮೂರನೆಯದನ್ನು, ಅಂದರೆ ಇವ್ಯಾಕ್ಯುಯೇಷನ್ ಝೋನ್. ಫ್ಲೋರಿಡಾದಲ್ಲಿ ಇದಕ್ಕೆ ಎ, ಬಿ, ಸಿ ಎಂದು ಅಕ್ಷರಗಳಿವೆ. ಎ ಎಂದರೆ ಸಮುದ್ರದ ನೀರು ಮೊದಲು ನುಗ್ಗುವ ಜಾಗ. ಫ್ಲೋರಿಡಾ ಡಿಸಾಸ್ಟರ್ ಡಾಟ್ ಆರ್ಗ್ ಎಂಬ ರಾಜ್ಯದ ಜಾಲತಾಣದಲ್ಲಿ ವಿಳಾಸ ಹಾಕಿದರೆ ನಿಮ್ಮ ಅಕ್ಷರ ಸಿಗುತ್ತದೆ.

ಆದರೆ ಒಂದು ಮಾತು ಮರೆಯಬೇಡಿ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಆದೇಶದ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: “ಝೋನ್ ಎ ಮತ್ತು ಕೌಂಟಿಯ ಎಲ್ಲ ಮೊಬೈಲ್ ಹೋಮ್‌ಗಳು.” ಸಮುದ್ರದಿಂದ ಐವತ್ತು ಮೈಲಿ ಒಳಗಿದ್ದರೂ, ಯಾವ ಅಕ್ಷರವೂ ಇಲ್ಲದ ಜಾಗದಲ್ಲಿದ್ದರೂ, ಆ ಎರಡನೆಯ ಪದಗುಚ್ಛ ನಿಮ್ಮದೇ. ಸುದ್ದಿ ಕೇಳುವಾಗ ಝೋನಿನ ಹೆಸರು ಬಂದಕೂಡಲೇ ಕಿವಿ ಮುಚ್ಚಿಕೊಳ್ಳದೆ ವಾಕ್ಯ ಮುಗಿಯುವವರೆಗೆ ಕೇಳಿ.

ಹಂತ 3: ಹೋಗುವ ಜಾಗ ಮೊದಲೇ ಗೊತ್ತಿರಲಿ

ಹೆಚ್ಚಿನವರು ಎಡವುವುದು ಇಲ್ಲಿ. ತೆರವು ಎಂದರೆ ಜಾರ್ಜಿಯಾ ದಾಟಿ ಓಡುವುದು ಎಂದುಕೊಳ್ಳುತ್ತಾರೆ. ನೂರಾರು ಮೈಲಿ ಓಡಬೇಕಿಲ್ಲ, ಹತ್ತಿಪ್ಪತ್ತು ಮೈಲಿ ಸಾಕು ಎಂದು ಫ್ಲೋರಿಡಾದ ಅಧಿಕಾರಿಗಳೇ ಮತ್ತೆ ಮತ್ತೆ ಹೇಳುತ್ತಾರೆ. ನೀರು ನುಗ್ಗದ ಎತ್ತರದಲ್ಲಿ, ಗಟ್ಟಿ ಗೋಡೆಯ ಕಟ್ಟಡ ಸಿಕ್ಕರೆ ನಿಮ್ಮ ಕೌಂಟಿಯೊಳಗೇ ಉಳಿಯಬಹುದು. 2017ರ ಇರ್ಮಾ ಚಂಡಮಾರುತದ ಸಮಯದಲ್ಲಿ 60 ಲಕ್ಷಕ್ಕೂ ಹೆಚ್ಚು ಜನರಿಗೆ ತೆರವು ಆದೇಶ ಬಂದಿತ್ತು. ಹೆದ್ದಾರಿಗಳು ಉಸಿರುಗಟ್ಟಿದವು, ಪೆಟ್ರೋಲ್ ಬಂಕುಗಳು ಬರಿದಾದವು. ಮಯಾಮಿಯಿಂದ ಪಶ್ಚಿಮ ಕರಾವಳಿಗೆ ಓಡಿದ ಎಷ್ಟೋ ಜನ, ಇರ್ಮಾ ದಾರಿ ಬದಲಿಸಿದ್ದರಿಂದ ಅದರ ಬಾಯಿಗೇ ಬಂದು ನಿಂತರು.

ನನ್ನ ಆಯ್ಕೆಯಲ್ಲಿ ಮೊದಲನೆಯದು ಪರಿಚಿತರ ಮನೆ. ಕನ್ನಡ ಕೂಟದ ಯುಗಾದಿಯಲ್ಲೋ ದೇವಸ್ಥಾನದಲ್ಲೋ ಸಿಗುವ ಯಾರನ್ನಾದರೂ ಮೇ ತಿಂಗಳಲ್ಲೇ ಬಾಯಿಬಿಟ್ಟು ಕೇಳಿ: “ಚಂಡಮಾರುತ ಬಂದರೆ ಎರಡು ರಾತ್ರಿ ನಿಮ್ಮಲ್ಲಿಗೆ ಬರಬಹುದಾ?” ಸಂಕೋಚ ಬೇಡ. ಹೀಗೆ ಕೇಳಿದರೆ ಬೇಡ ಎನ್ನುವವರು ಅಪರೂಪ, ಕೇಳದೆ ಉಳಿಯುವವರೇ ಹೆಚ್ಚು. ಆ ಮನೆ ಕಾಂಕ್ರೀಟ್ ಬ್ಲಾಕಿನದೇ, 2002ರ ಮಾರ್ಚ್‌ನಲ್ಲಿ ಜಾರಿಯಾದ ಫ್ಲೋರಿಡಾ ಕಟ್ಟಡ ಸಂಹಿತೆಯ ನಂತರದ್ದೇ, ಕಿಟಕಿಗೆ ಶಟರ್ ಇದೆಯೇ, ತೆರವು ವಲಯದ ಹೊರಗಿದೆಯೇ ಎಂದು ವಿಚಾರಿಸಿ. ಎರಡು ಬೇರೆ ದಿಕ್ಕುಗಳಲ್ಲಿ ಎರಡು ಮನೆ ಗೊತ್ತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹೋಟೆಲ್ ಎರಡನೆಯದು. ಅದು ಬೇಗ ತುಂಬುತ್ತದೆ, ಹಾಗಾಗಿ ರದ್ದು ಮಾಡಬಹುದಾದ ಬುಕಿಂಗ್ ಮೊದಲೇ ಮಾಡಿ.

ಮೂರನೆಯದು ಕೌಂಟಿಯ ಆಶ್ರಯಕೇಂದ್ರ, ಹೆಚ್ಚಾಗಿ ಶಾಲೆ. ಒಬ್ಬರಿಗೆ ಸುಮಾರು 20 ಚದರ ಅಡಿ, ಅಂದರೆ ಒಂದು ಚಾಪೆ ಹಾಸಿ ಚೀಲ ಇಡುವಷ್ಟು ಜಾಗ. ಮಂಚ ಸಿಗುತ್ತದೆಂದು ನಂಬಬೇಡಿ. ದಿಂಬು, ಹೊದಿಕೆ ನೀವೇ ಒಯ್ಯಬೇಕು. ಸದ್ದು, ಬೆಳಕು, ಶೌಚಾಲಯಕ್ಕೆ ಸಾಲು ಎಲ್ಲ ಇರುತ್ತದೆ. ಆದರೂ ಅದು ಜೀವ ಉಳಿಸುವ ಜಾಗ. ಸಸ್ಯಾಹಾರಿಗಳಿಗೆ ಅಲ್ಲಿನ ಊಟ ಸಾಲದು. ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಕೋಡುಬಳೆ, ಖರ್ಜೂರ ಜೊತೆಗಿರಲಿ. ಎಲ್ಲ ಶಾಲೆಗಳೂ ಎಲ್ಲ ಸಲವೂ ತೆರೆಯುವುದಿಲ್ಲ, ಹೊರಡುವ ದಿನ ಕೌಂಟಿಯ ಪಟ್ಟಿ ನೋಡಿಯೇ ಹೊರಡಿ. ನಾಯಿ ಬೆಕ್ಕು ಇದ್ದರೆ ಅವನ್ನು ಸೇರಿಸಿಕೊಳ್ಳುವ ಕೇಂದ್ರ ಯಾವುದು ಎಂದು ಮೊದಲೇ ತಿಳಿದಿರಲಿ. ಪಂಜರ, ಲಸಿಕೆಯ ಚೀಟಿ ಎರಡೂ ಬೇಕು.

ಆಕ್ಸಿಜನ್ ಯಂತ್ರ, ಡಯಾಲಿಸಿಸ್, ನಡೆಯಲಾಗದ ಹಿರಿಯರು ಮನೆಯಲ್ಲಿದ್ದರೆ ಕೌಂಟಿಯ ಸ್ಪೆಷಲ್ ನೀಡ್ಸ್ ನೋಂದಣಿಯಲ್ಲಿ ಈಗಲೇ ಹೆಸರು ಬರೆಸಿ. ಅವರಿಗೆ ಬೇರೆ ಆಶ್ರಯಕೇಂದ್ರವಿರುತ್ತದೆ, ಕರೆದೊಯ್ಯಲು ವಾಹನವನ್ನೂ ಕಳಿಸುತ್ತಾರೆ. ಬಿರುಗಾಳಿ ಹತ್ತಿರ ಬಂದ ಮೇಲೆ ಹೆಸರು ಬರೆಸಲು ಹೋದರೆ ತಡವಾಗಿರುತ್ತದೆ.

ಪಾರ್ಕಿನ ಕ್ಲಬ್‌ಹೌಸ್ ಆಶ್ರಯಕೇಂದ್ರವಲ್ಲ. ಕಟ್ಟಡ ದೊಡ್ಡದು, ನೆರೆಹೊರೆಯವರೆಲ್ಲ ಅಲ್ಲೇ ಸೇರುತ್ತಾರೆ ಎಂಬ ಧೈರ್ಯಕ್ಕೆ ಯಾವ ಆಧಾರವೂ ಇಲ್ಲ.

ಹಂತ 4: ಚೀಲ, ಕಾಗದಪತ್ರ, ಮಾತ್ರೆ

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್. ಟಾರ್ಚ್, ಪವರ್ ಬ್ಯಾಂಕ್, ನಗದು (ವಿದ್ಯುತ್ ಹೋದರೆ ಕಾರ್ಡ್ ನಡೆಯುವುದಿಲ್ಲ), ಮಕ್ಕಳ ಸಾಮಾನು. ಇವು ಎಲ್ಲ ಪಟ್ಟಿಗಳಲ್ಲೂ ಇವೆ, ಹೆಚ್ಚು ಹೇಳುವುದಿಲ್ಲ. ಕಾಗದಪತ್ರದ ವಿಷಯ ಮಾತ್ರ ನಿಧಾನವಾಗಿ ಓದಿ.

ಪಾಸ್‌ಪೋರ್ಟ್, ವೀಸಾ ಅನುಮೋದನೆಯ ಪತ್ರ, ಐ-94 (ಅಮೆರಿಕ ಪ್ರವೇಶದ ದಾಖಲೆ), ಗ್ರೀನ್ ಕಾರ್ಡ್, ಮಕ್ಕಳ ಜನನಪತ್ರ, ಎಲ್ಲವೂ ನೀರು ಹೋಗದ ಒಂದೇ ಚೀಲದಲ್ಲಿರಲಿ, ಪ್ರತಿ ಆನ್‌ಲೈನ್‌ನಲ್ಲೂ ಇರಲಿ. ಭಾರತದ ಪಾಸ್‌ಪೋರ್ಟ್ ಕೊಚ್ಚಿಹೋದರೆ ಫ್ಲೋರಿಡಾದವರು ಅಟ್ಲಾಂಟದ ಭಾರತೀಯ ಕಾನ್ಸುಲೇಟ್‌ಗೆ ಅರ್ಜಿ ಹಾಕಬೇಕು, ಅದು ಒಂದು ದಿನದ ಕೆಲಸವಲ್ಲ. ಮೊಬೈಲ್ ಹೋಮ್ ನಿಮ್ಮ ಸ್ವಂತದ್ದಾದರೆ ಅದಕ್ಕೆ ಕಾರಿಗೆ ಇರುವಂತೆ ಟೈಟಲ್ (ಒಡೆತನದ ಪತ್ರ) ಇರುತ್ತದೆ. ಎರಡು ಭಾಗ ಜೋಡಿಸಿದ ಡಬಲ್‌ವೈಡ್ ಆದರೆ ಟೈಟಲ್ ಕೂಡ ಎರಡು. ಎರಡನ್ನೂ ಒಯ್ಯಿರಿ. ಜಾಗದ ಬಾಡಿಗೆ ಕರಾರನ್ನೂ ಸೇರಿಸಿ.

ಮನೆಯ ವಿಮೆಯಲ್ಲಿ ಸಾಮಾನ್ಯವಾಗಿ ನೆರೆಯ ಹಾನಿ ಸೇರಿರುವುದಿಲ್ಲ. ಸರ್ಕಾರಿ ನೆರೆ ವಿಮೆ ಬೇರೆ ಕೊಳ್ಳಬೇಕು, ಅದು ಜಾರಿಯಾಗಲು 30 ದಿನ ಕಾಯಬೇಕು. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಹೊರಡುವ ಮುಂಚೆ ಒಂದೊಂದು ಕೋಣೆಯನ್ನೂ, ಮನೆಯ ನಾಲ್ಕೂ ಬದಿಯನ್ನೂ ವಿಡಿಯೊ ಮಾಡಿ.

ಮಾತ್ರೆ: ಚಂಡಮಾರುತದ ಎಚ್ಚರಿಕೆ ಅಥವಾ ತುರ್ತು ಪರಿಸ್ಥಿತಿ ಘೋಷಣೆಯಾದಾಗ ವಿಮಾ ಕಂಪನಿ 30 ದಿನದ ಔಷಧವನ್ನು ಅವಧಿಗೆ ಮುಂಚೆಯೇ ಕೊಡಿಸಬೇಕೆಂದು ಫ್ಲೋರಿಡಾದ ಕಾನೂನೇ ಇದೆ. ಔಷಧದಂಗಡಿಯಲ್ಲಿ ಕೇಳಿ ಪಡೆಯಿರಿ. ಊರಿನಿಂದ ಬಂದ ಅಪ್ಪ ಅಮ್ಮ ಭಾರತದ ಮಾತ್ರೆಗಳನ್ನೇ ನುಂಗುತ್ತಾರಲ್ಲ, ಅವುಗಳ ಮೂಲ ಹೆಸರು ಬರೆದಿಡಿ. ‘ಟೆಲ್ಮಾ’ ಎಂದರೆ ಅಲ್ಲಿನ ನರ್ಸ್‌ಗೆ ತಿಳಿಯದು, ‘ಟೆಲ್ಮಿಸಾರ್ಟನ್’ ಎಂದರೆ ತಿಳಿಯುತ್ತದೆ. ಅವರ ಪ್ರಯಾಣ ವಿಮೆಯ ಕಾರ್ಡ್ ಅವರ ಜೇಬಿನಲ್ಲೇ ಇರಲಿ. ಇಂಗ್ಲಿಷ್ ಬಾರದ ಹಿರಿಯರ ಕೈಗೆ ನಿಮ್ಮ ಫೋನ್ ಸಂಖ್ಯೆ, ಕಾಯಿಲೆಯ ವಿವರ ಬರೆದ ಚೀಟಿ ಕೊಡಿ.

ಹಂತ 5: ಯಾವಾಗ ಹೊರಡಬೇಕು

ಮಯಾಮಿಯಲ್ಲಿರುವ ರಾಷ್ಟ್ರೀಯ ಚಂಡಮಾರುತ ಕೇಂದ್ರ ಬೆಳಗ್ಗೆ 5, 11, ಸಂಜೆ 5, ರಾತ್ರಿ 11 ಗಂಟೆಗೆ ಮುನ್ಸೂಚನೆ ಹೊರಡಿಸುತ್ತದೆ. ಎಲ್ಲರೂ ನೋಡುವುದು ಶಂಕುವಿನಾಕಾರದ ‘ಕೋನ್’ ಚಿತ್ರ. ಚಂಡಮಾರುತದ ನಡುಭಾಗ ಎಲ್ಲಿ ಹೋಗಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಮೂರರಲ್ಲಿ ಸುಮಾರು ಎರಡು ಸಲ ನಡುಭಾಗ ಅದರೊಳಗಿರುತ್ತದೆ, ಉಳಿದ ಸಲ ಹೊರಗೆ ಹೋಗುತ್ತದೆ. ಗಾಳಿ, ಮಳೆ, ನೀರು ಕೋನಿನ ಗೆರೆಯನ್ನು ಲೆಕ್ಕಿಸುವುದೇ ಇಲ್ಲ.

2022ರಲ್ಲಿ ಇಯಾನ್ ಮೊದಲು ಟ್ಯಾಂಪಾ ಕಡೆಗೆ ಹೊರಟಂತೆ ಕಂಡಿತ್ತು. ಅದರ ದಾರಿ ದಕ್ಷಿಣಕ್ಕೆ ಸರಿಯಿತು. ಲೀ ಕೌಂಟಿಯಲ್ಲಿ ತೆರವು ಆದೇಶ ಬಂದದ್ದು ಸೆಪ್ಟೆಂಬರ್ 27ರ ಬೆಳಗ್ಗೆ, ಚಂಡಮಾರುತ ದಡ ಹತ್ತಿದ್ದು 28ರ ಮಧ್ಯಾಹ್ನ. ಫೋರ್ಟ್ ಮಯರ್ಸ್ ಬೀಚ್‌ನಲ್ಲಿ ಸಮುದ್ರದ ನೀರು ನೆಲದಿಂದ 10ರಿಂದ 15 ಅಡಿ ಏರಿತು. 2024ರಲ್ಲಿ ಹೆಲೀನ್‌ನ ನಡುಭಾಗ ಪಿನೆಲಸ್ ಕೌಂಟಿಯಿಂದ ನೂರು ಮೈಲಿಗೂ ದೂರದ ಸಮುದ್ರದಲ್ಲಿ ಸಾಗಿಹೋದರೂ ಅಲ್ಲಿನ ದಡದ ಮನೆಗಳಿಗೆ ನೀರು ನುಗ್ಗಿ ಜನ ಸತ್ತರು.

ಮೊಬೈಲ್ ಹೋಮ್‌ನವರು ಮರೆಯಬಾರದ ಘಟನೆ ಇನ್ನೊಂದು. 2024ರ ಅಕ್ಟೋಬರ್ 9ರಂದು ಮಿಲ್ಟನ್ ಪಶ್ಚಿಮ ಕರಾವಳಿಯ ಸಿಯೆಸ್ಟಾ ಕೀ ಬಳಿ ದಡ ಹತ್ತಿದ್ದು ರಾತ್ರಿ. ಅದಕ್ಕೂ ಗಂಟೆಗಳ ಮುಂಚೆ, ರಾಜ್ಯದ ಇನ್ನೊಂದು ಬದಿಯ ಪೂರ್ವ ಕರಾವಳಿಯಲ್ಲಿ, ಫೋರ್ಟ್ ಪಿಯರ್ಸ್ ಹತ್ತಿರದ ಸ್ಪ್ಯಾನಿಷ್ ಲೇಕ್ಸ್ ಎಂಬ ಹಿರಿಯರ ವಸತಿಗೆ ಸುಂಟರಗಾಳಿ ಅಪ್ಪಳಿಸಿ ಆರು ಜನ ತೀರಿಕೊಂಡರು. ಚಂಡಮಾರುತದ ಹೊರಪಟ್ಟಿಗಳಲ್ಲಿ ಸುಂಟರಗಾಳಿಗಳು ಹುಟ್ಟುತ್ತವೆ, ಎಚ್ಚರಿಕೆಗೂ ಹೊಡೆತಕ್ಕೂ ನಡುವೆ ಸಿಗುವುದು ಕೆಲವೇ ನಿಮಿಷ. ‘ನಮ್ಮ ಕಡೆ ಬರುವುದಿಲ್ಲ’ ಎಂದು ಕೂತರೂ ಮೊಬೈಲ್ ಹೋಮ್ ಸುರಕ್ಷಿತವಲ್ಲ.

ಹಾಗಾದರೆ ಏನು ನೋಡಬೇಕು? ಅದೇ ಕೇಂದ್ರದ ಜಾಲತಾಣದಲ್ಲಿ, ಗಂಟೆಗೆ 39 ಮೈಲಿ (63 ಕಿ.ಮೀ.) ವೇಗದ ಗಾಳಿ ಎಷ್ಟು ಹೊತ್ತಿಗೆ ತಲುಪಬಹುದು ಎಂಬ ನಕ್ಷೆಯಿದೆ. ಅದರಲ್ಲಿ ‘ತೀರ ಬೇಗ ಎಂದರೆ ಯಾವಾಗ’ ಎಂಬುದನ್ನೇ ಆರಿಸಿ. ಅಲ್ಲಿ ಕಾಣುವ ಹೊತ್ತಿಗೆ ಒಂದು ಹಗಲು ಮುಂಚೆ ನೀವು ಹೋಗುವ ಜಾಗದಲ್ಲಿರಬೇಕು. ಆ ಗಾಳಿ ಬಂದ ಮೇಲೆ ಟ್ಯಾಂಪಾ ಕೊಲ್ಲಿಯ ಸನ್‌ಶೈನ್ ಸ್ಕೈವೇಯಂಥ ಎತ್ತರದ ಸೇತುವೆಗಳನ್ನು ಮುಚ್ಚುತ್ತಾರೆ, ಆಂಬುಲೆನ್ಸ್ ಕೂಡ ಹೊರಡುವುದಿಲ್ಲ. ‘ಹರಿಕೇನ್ ವಾಚ್’ (ಚಂಡಮಾರುತ ಬರಬಹುದು ಎಂಬ ಸೂಚನೆ) ಬರುವುದು ಆ ಗಾಳಿಗೆ ಸುಮಾರು 48 ಗಂಟೆ ಮುಂಚೆ, ‘ವಾರ್ನಿಂಗ್’ (ಬರಲಿದೆ ಎಂಬ ಎಚ್ಚರಿಕೆ) 36 ಗಂಟೆ ಮುಂಚೆ. ವಾಚ್ ಬಂದಾಗ ಚೀಲ ಕಾರಿಗೆ ಹಾಕಿ, ವಾರ್ನಿಂಗ್ ಬಂದಾಗ ಕಾರು ಹೊರಡಲಿ. ಆದೇಶ ಅದಕ್ಕೂ ಮುಂಚೆ ಬಂದರೆ ಆದೇಶವೇ ಲೆಕ್ಕ.

ಹಂತ 6: ಬೀಗ ಹಾಕುವ ಮುಂಚೆ

ಹೊರಗಿನ ಕುರ್ಚಿ, ಹೂಕುಂಡ, ತುಳಸಿ ಕುಂಡ, ಗ್ರಿಲ್ ಎಲ್ಲ ಒಳಗೆ. ಪ್ರೊಪೇನ್ ಸಿಲಿಂಡರಿನ ವಾಲ್ವ್ ಮುಚ್ಚಿ ಹೊರಗೇ ಕಟ್ಟಿಹಾಕಿ, ಮನೆಯೊಳಗೆ ತರಬೇಡಿ. ಮಡಿಚುವ ಆನಿಂಗ್ (ಬಿಸಿಲುಮರೆ) ಇದ್ದರೆ ಮಡಿಚಿ ಬಿಗಿಯಿರಿ. ನೀರಿನ ಮುಖ್ಯ ವಾಲ್ವ್, ವಿದ್ಯುತ್ ಮೇನ್ ಆಫ್ ಮಾಡಿ. ಫ್ರಿಜ್‌ನಲ್ಲಿರುವುದನ್ನು ಖಾಲಿ ಮಾಡಿ ಹೋಗುವುದೇ ವಾಸಿ. ಕಿಟಕಿ ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಆಗದು. ಒತ್ತಡ ಇಳಿಯಲಿ ಎಂದು ಕಿಟಕಿ ತೆರೆದಿಡುವುದಂತೂ ಗಾಳಿಯನ್ನು ಒಳಗೆ ಕರೆದು ಚಾವಣಿ ಎತ್ತಿಸಿದಂತೆ. ಪಕ್ಕದ ಮನೆಯ ಒಂಟಿ ಹಿರಿಯರ ಬಾಗಿಲು ತಟ್ಟಿ, ಅವರು ಹೊರಟರೇ ಎಂದು ಕೇಳಿ. ಕಾರಿನಲ್ಲಿ ಜಾಗವಿದ್ದರೆ ಕರೆದುಕೊಂಡೇ ಹೋಗಿ.

ಹಂತ 7: ದಾರಿಯಲ್ಲಿ

ಚಂಡಮಾರುತದ ಕಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ವಿದ್ಯುತ್ ಕಾರಾದರೆ ಚಾರ್ಜ್ ಪೂರ್ತಿ ಇರಲಿ. ರಸ್ತೆ ಸ್ಥಿತಿಗೆ 511, ಕಾರಿಲ್ಲದವರಿಗೆ ಆಶ್ರಯಕೇಂದ್ರಕ್ಕೆ ಬಸ್ಸಿನ ವಿವರಕ್ಕೆ 211. ಹಗಲಿನಲ್ಲೇ ಹೊರಡಿ. ರಸ್ತೆಯಲ್ಲಿ ನೀರು ನಿಂತಿದ್ದರೆ ಆಳ ಪರೀಕ್ಷಿಸಲು ಹೋಗದೆ ತಿರುಗಿ.

ಊರಿನವರಿಗೆ ತಿಳಿಸುವ ಜವಾಬ್ದಾರಿಯನ್ನು ಕರ್ನಾಟಕದಲ್ಲಿರುವ ಒಬ್ಬರಿಗೇ ವಹಿಸಿ, ಅಣ್ಣನೋ ಚಿಕ್ಕಮ್ಮನೋ ಯಾರಾದರೂ ಸರಿ. ನೀವು ಅವರಿಗೆ ಒಂದು ಸಂದೇಶ ಕಳಿಸಿ, ಉಳಿದ ನೆಂಟರಿಗೆ ಅವರು ಹೇಳಲಿ. ಫ್ಲೋರಿಡಾದ ರಾತ್ರಿ 11ರ ಮುನ್ಸೂಚನೆ ಬರುವಾಗ ಇಲ್ಲಿ ಮರುದಿನ ಬೆಳಗ್ಗೆ ಎಂಟೂವರೆ. ಇಲ್ಲಿರುವವರು ಆಗೊಮ್ಮೆ ನೋಡಿದರೆ ಸಾಕು. ಗಂಟೆಗೆ ಹತ್ತು ಸಲ ಕರೆ ಮಾಡಿ ಅವರ ಬ್ಯಾಟರಿ ಮುಗಿಸಬೇಡಿ.

ಹೊರಡಲು ಆಗದೇ ಹೋದರೆ

ಇದು ಯೋಜನೆಯಲ್ಲ, ಕೊನೆಯ ದಾರಿ. ಗಾಳಿ ಇನ್ನೂ ತಡೆಯುವಷ್ಟಿದ್ದರೆ ಹತ್ತಿರದ ಯಾವುದೇ ಕಾಂಕ್ರೀಟ್ ಕಟ್ಟಡಕ್ಕೆ ಹೋಗಿ. ಅಲ್ಲಿ ಕಿಟಕಿಯಿಲ್ಲದ ಒಳಕೋಣೆ ಹಿಡಿಯಿರಿ, ತಲೆಗೆ ಹೆಲ್ಮೆಟ್, ಮೇಲೆ ಹಾಸಿಗೆ. ಗಾಳಿ ಒಮ್ಮೆಲೇ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬೇಡಿ, ಅದು ಚಂಡಮಾರುತದ ಕಣ್ಣಿರಬಹುದು. ಇನ್ನೊಂದು ಬದಿಯ ಗಾಳಿ ಎದುರು ದಿಕ್ಕಿನಿಂದ ಬಂದೇ ಬರುತ್ತದೆ.

ಹಂತ 8: ಹಿಂತಿರುಗುವಾಗ

ಕೌಂಟಿ ಅನುಮತಿ ಕೊಡುವವರೆಗೆ ಕಾಯಿರಿ. ವಿಳಾಸದ ದಾಖಲೆ ಕೈಯಲ್ಲಿರಲಿ, ತಡೆಯುವ ಪೊಲೀಸರು ಕೇಳುತ್ತಾರೆ. ಮನೆಗೆ ಬಂದಕೂಡಲೇ ಬಾಗಿಲು ತೆರೆಯಬೇಡಿ. ಮೊದಲು ಸುತ್ತ ನೋಡಿ: ಬಿದ್ದ ತಂತಿ ಇದೆಯೇ, ಗ್ಯಾಸ್ ವಾಸನೆಯೇ, ಬ್ಲಾಕಿನ ಮೇಲಿಂದ ಮನೆ ಜರುಗಿದೆಯೇ, ಪಟ್ಟಿ ಹರಿದಿದೆಯೇ. ಮನೆ ವಾಲಿದ್ದರೆ ಒಳಗೆ ಹೋಗಬೇಡಿ. ನೀರು ನುಗ್ಗಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಹಾಕಬೇಡಿ. ನೆನೆದ ನೆಲಹಲಗೆ ಕಾಲಿಟ್ಟಲ್ಲೇ ಕುಸಿಯಬಹುದು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಕಿಟಕಿಗಳಿಗೆ ಬೆನ್ನಾಗಿರಲಿ. ಚಂಡಮಾರುತದಿಂದ ಪಾರಾದ ಜನ ಜನರೇಟರಿನ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ನಿಂದ ನಿದ್ದೆಯಲ್ಲೇ ಸಾಯುತ್ತಾರೆ.

ಏನನ್ನೂ ಎಸೆಯುವ ಮುಂಚೆ ಫೋಟೊ ತೆಗೆಯಿರಿ. ಮೊದಲು ವಿಮಾ ಕಂಪನಿಗೆ, ನಂತರ ಕೇಂದ್ರ ಸರ್ಕಾರದ ವಿಪತ್ತು ನೆರವಿನ ಸಂಸ್ಥೆಯಾದ ಫೆಮಾಗೆ (1-800-621-3362) ಅರ್ಜಿ. ಸಾಮಾನ್ಯವಾಗಿ ವಿಪತ್ತು ಘೋಷಣೆಯಿಂದ 60 ದಿನದೊಳಗೆ ಹಾಕಬೇಕು. ಎಚ್-1ಬಿಯಂಥ ವೀಸಾದಲ್ಲಿರುವವರು ಅರ್ಜಿ ಹಾಕದೆಯೇ ಕೈಬಿಡುವುದುಂಟು. ಫೆಮಾದ ಹಣದ ನೆರವು ಸಿಗುವುದು ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್‌ನಂಥ ಅರ್ಹತೆ ಇರುವವರಿಗೆ ಎಂಬುದು ನಿಜ. ಆದರೆ ಅಲ್ಲೇ ಹುಟ್ಟಿದ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಿರುವ ಮಗು ಮನೆಯಲ್ಲಿದ್ದರೆ ಆ ಮಗುವಿನ ಪರವಾಗಿ ತಂದೆ ತಾಯಿ ಅರ್ಜಿ ಹಾಕಬಹುದು. ಆಶ್ರಯ, ಊಟ, ನೀರು, ಔಷಧದಂಥ ತುರ್ತು ನೆರವಿಗೆ ಈ ಷರತ್ತು ಇಲ್ಲ.

ಬಾಗಿಲಿಗೆ ಬಂದು “ಇವತ್ತೇ ಚಾವಣಿ ಹಾಕಿಕೊಡುತ್ತೇವೆ, ಮುಂಗಡ ಕೊಡಿ” ಎನ್ನುವವರಿಗೆ ಪರವಾನಗಿ ಸಂಖ್ಯೆ ಕೇಳಿ, ರಾಜ್ಯದ ಜಾಲತಾಣದಲ್ಲಿ ಅದನ್ನು ಪರೀಕ್ಷಿಸಿ. ಅಲ್ಲಿಯವರೆಗೆ ಚಾವಣಿಗೆ ಟಾರ್ಪಾಲ್ ಹೊದಿಸಿ, ಅದರ ರಸೀದಿ ಇಟ್ಟುಕೊಳ್ಳಿ. ಮನೆ ಎದ್ದು ನಿಂತಿದ್ದರೂ ಪಟ್ಟಿ ಮತ್ತು ಆಂಕರ್‌ಗಳನ್ನು ಪರವಾನಗಿ ಇರುವವರಿಂದ ಮತ್ತೊಮ್ಮೆ ನೋಡಿಸಿ. ಒಮ್ಮೆ ಎಳೆತಕ್ಕೆ ಸಿಕ್ಕ ಪಟ್ಟಿ ಸಡಿಲಾಗಿರಬಹುದು, ಅದೇ ಋತುವಿನಲ್ಲಿ ಎರಡನೆಯ ಚಂಡಮಾರುತವೂ ಬರಬಹುದು. 2024ರಲ್ಲಿ ಹೆಲೀನ್‌ಗೂ ಮಿಲ್ಟನ್‌ಗೂ ನಡುವೆ ಇದ್ದದ್ದು ಎರಡೇ ವಾರ.